ಗಟಾರದ ಮ್ಯಾಲೂ ಪಿಎಚ್‌ಡಿ ಮಾಡ್ತಾರೇನ್ರಿ ಅಕ್ಕಾರ?

ಹೋದ ಸಂಚಿಕೆಯಾಗ ಮಾತಿಗೆ ಮಾತು ಬಂದು, ನಾ ಬಾಗಲಕೋಟಿ ಮುಳುಗಡಿ ಮ್ಯಾಲ ಪಿಎಚ್‌ಡಿ ಮಾಡ್ದಾಕಿ, ಮೂವತ್ತು ವರ್ಷ ನಗರಸಭೆ, ಪಾಲಿಕೆ, ರೇಷನ್ ಕಾರ್ಡು ಅಂತ ಇದ್ರಾಗ ತಿರಗ್ಯಾಡಿ ಈಗ ರಿಟೈರ್ ಆಗೀನಿ ಅಂತ ಒಂದು ಸಾಲು ಬರದಿದ್ದೆ. ಆ ಒಂದ ಸಾಲಿಗೆ ಇಷ್ಟು ಪತ್ರ ಬರ್ತಾವಂತ ಅನ್ಕೊಂಡಿರ್ಲಿಲ್ಲ. ಮಂಡಿನೋವಿಗೆ ಯಾವ ಎಣ್ಣಿ ಛಲೋ ಅಂತ ಕೇಳಿದವ್ರು ಮುಂದಿನ ತಿಂಗಳತನಕ ಕಾಯ್ರಿ, ಈ ಸಲ ಇದ.

ಪ್ರಶ್ನೆ: ಅಕ್ಕಾರ, ನಾ ಎಂಎ ಸೋಶಿಯಾಲಜಿ ಎರಡನೇ ವರ್ಷದಾಗ ಅದೀನಿ, ಮನಿ ನವನಗರದಾಗ. ಸಾಮಾಜಿಕ ನೀತಿ, ನಗರಾಡಳಿತ ಈ ವಿಷಯದಾಗ ರಿಸರ್ಚ್ ಮಾಡ್ಬೇಕಂತ ಭಾಳ ಆಸೆ. ಅವ್ವ ಬಿಎಡ್ ಮಾಡು, ನೌಕರಿ ಪಕ್ಕಾ ಅಂತಾಳ. ನಮ್ಮ ಸ್ವಾದರಮಾವನ ಮಗ 'ಗಟಾರದ ಮ್ಯಾಲ ಪಿಎಚ್‌ಡಿ ಮಾಡ್ತಿ ಏನ?' ಅಂತ ಮಂದಿ ಮುಂದ ನಗ್ತಾನ. ಖರೇನ ಇದು ಒಂದು ಕರಿಯರ್ ಹೌದಾ? ದಿನಾ ಕುಂತು ಏನ್ ಮಾಡ್ತಾರ ಇದ್ರಾಗ?
– ಓದುಗಿ, ಬಾಗಲಕೋಟೆ

ಉತ್ತರ: ತಂಗಿ, ನಿಮ್ಮ ಮಾವನ ಮಗಗ ಹೇಳು, ಮಾಡ್ತಾರಂತ. ಗಟಾರದ ಮ್ಯಾಲ ಮಾಡ್ತಾರ, ನಳದ ಮ್ಯಾಲ ಮಾಡ್ತಾರ, ಕಸದ ಗಾಡಿ ಮ್ಯಾಲ, ಸಂತಿ ಕಟ್ಟಿ ಮ್ಯಾಲ ಎಲ್ಲಾ ಮಾಡ್ತಾರ. ಯಾವ ಓಣಿಗೆ ಗಟಾರ ಮೊದ್ಲ ಬಂತು, ಯಾವ ಓಣಿಗೆ ಇನ್ನೂ ಬಂದಿಲ್ಲ, ಠರಾವು ಯಾರು ಮಂಡಿಸಿದ್ರು, ರೊಕ್ಕ ದಿಲ್ಲಿದ್ದೋ ಬೆಂಗಳೂರಿಂದೋ ನಮ್ಮ ಮನಿ ಕರದ್ದೋ, ಮಳಿ ಬಂದಾಗ ಅದು ತುಂಬಿ ಯಾರ ಪಡಸಾಲಿಗೆ ನುಗ್ತೈತಿ, ಇಷ್ಟನ್ನ ಜೋಡಿಸಿ ನೋಡೋದ ನಗರಾಡಳಿತದ ಓದು, ಬ್ಯಾರೆ ದೊಡ್ಡ ಮಾತೇನಿಲ್ಲ.

ಸಾಮಾಜಿಕ ನೀತಿ ಅಂದ್ರೂ ಹಂಗ. 2023ರ ಆಗಸ್ಟ್‌ನ್ಯಾಗ ಗೃಹಲಕ್ಷ್ಮಿ ಚಾಲೂ ಆತು, ಮನಿ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಸರಿ, ಯಜಮಾನಿ ಯಾರು? ಒಂದ ಒಲಿ ಮ್ಯಾಲ ಅತ್ತಿ, ಇಬ್ರು ಸೊಸ್ತೇರು ಇದ್ದ ಮನಿಯಾಗ ರೇಷನ್ ಕಾರ್ಡಿನ್ಯಾಗ ಅತ್ತಿ ಹೆಸರು ಮೊದ್ಲ ಇರ್ತೈತಿ, ರೊಕ್ಕ ಅತ್ತಿ ಖಾತೆಗೆ ಬೀಳ್ತೈತಿ, ಆಮ್ಯಾಲ ಸಣ್ಣ ಸೊಸಿ ನಮ್ದು ಕಾರ್ಡು ಬ್ಯಾರೆ ಮಾಡಿಸ್ರಿ ಅಂತಾಳ, ಒಲಿ ಮಾತ್ರ ಅದ ಒಂದ. ಸರ್ಕಾರದ ಕಾಗದದಾಗ 'ಕುಟುಂಬ' ಅನ್ನೋ ಶಬ್ದ ಒಂದು ಮನಿಯಾಗ ಏನೇನ್ ಮಾಡ್ತೈತಿ ಅನ್ನೋದು ಮೂರು ವರ್ಷ ಕುಂತು ಓದೋವಂಥ ಪ್ರಶ್ನೆ. ಹೊರಗಿನವ್ರು ಬಂದು ಕೇಳಿದ್ರ ಅತ್ತಿ ಚಹಾ ಕೊಟ್ಟು ಕಳಸ್ತಾಳ. ನೀ ಕೇಳಿದ್ರ ಸೊಸಿ ಹಿತ್ತಲದಾಗ ನಿಂತು ಎಲ್ಲಾ ಹೇಳ್ತಾಳ.

ನವನಗರದಾಗ ಇದ್ದು ವಿಷಯ ಎಲ್ಲೋ ಹುಡುಕೂದು ಬ್ಯಾಡ. ಆಲಮಟ್ಟಿ ಡ್ಯಾಮಿಗೆ 1964ರಾಗ ಶಾಸ್ತ್ರಿಯವ್ರು ಅಡಿಗಲ್ಲು ಹಾಕಿದ್ರು, ಅದರ ಹಿನ್ನೀರಿಗೆ ನಮ್ಮ ಹಳೇ ಊರಿನ ಹೊಳಿ ಕಡಿ ಭಾಗ ಹೋತು. ಹೊಸಾ ಊರು, ಅಂದ್ರ ನಿಮ್ಮ ನವನಗರ, ಕಟ್ಟಾಕ 1983ರಾಗ ಒಂದು ಕಾಯ್ದೆ ಮಾಡಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ಬಿಟಿಡಿಎ ಅಂತೀವಲ್ಲ ಅದನ್ನ ಹುಟ್ಟಿಸಿದ್ರು, ನಕಾಶಿಗೆ ಚಾರ್ಲ್ಸ್ ಕೊರಿಯಾ ಅವ್ರಂಥ ದೊಡ್ಡ ವಾಸ್ತುಶಿಲ್ಪಿ ಕೈ ಹಚ್ಚಿದ್ರು. ಆ ಕಡಿ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕ ಜಾರಿಗೆ ಬಂತು, 12ನೇ ಅನುಸೂಚಿಯಾಗ 18 ಕೆಲಸ ಪಟ್ಟಿ ಮಾಡಿ ಇವು ಆರಿಸಿ ಬಂದ ನಗರಸಭೆಗೆ ಸೇರ್ಬೇಕು ಅಂದ್ರು. ಇಲ್ಲಿ ನೋಡಿದ್ರ ಒಂದ ಊರಿಗೆ ಎರಡು ಯಜಮಾನಿಕಿ, ಒಂದು ವೋಟು ಹಾಕಿ ಆರಿಸಿದ್ದು, ಒಂದು ಕಾಯ್ದೆ ಮಾಡಿ ನೇಮಿಸಿದ್ದು. ನಿಮ್ಮ ಮನಿ ಮುಂದ ಬೀದಿ ದೀಪ ಕೆಟ್ರ ನಿಮ್ಮಪ್ಪ ಯಾವ ಆಫೀಸಿಗೆ ಹೋಗ್ತಾರ? ಯಾಕ? ಮೊದಲನೇ ಪುಟ ಅಲ್ಲಿಂದ ಬರಿ. ಈಗ ಡ್ಯಾಮಿನ ನೀರಿನ ಮಟ್ಟ 519.60 ಮೀಟರ್‌ದಿಂದ 524.256ಕ್ಕ ಏರಿಸೋ ಮಾತು ಬ್ಯಾರೆ ಐತಿ, 2010ರ ಕೃಷ್ಣಾ ನೀರಿನ ನ್ಯಾಯಮಂಡಳಿ ತೀರ್ಪಿನಾಗ ಅದಕ್ಕ ಒಪ್ಪಿಗಿ ಸಿಕ್ತು, ಏರಿದ್ರ ಮತ್ತಷ್ಟು ಮನಿ ಏಳಬೇಕು. ಅಂದ್ರ ನಿನ್ನ ವಿಷಯ ಇನ್ನೂ ಜೀವಂತ ಐತಿ.

ದಿನಾ ಏನ್ ಮಾಡ್ತಾರ ಅಂತ ಕೇಳಿದೆ. ನನ್ನದ ಹೇಳ್ತೀನಿ. ತೊಂಬತ್ತರ ದಶಕದಾಗ ನಾ 64 ಪ್ರಶ್ನೆದ ಫಾರ್ಮು ಸೈಕ್ಲೋಸ್ಟೈಲ್ ಮಾಡಿಸ್ಕೊಂಡು, ಹೆಗಲಿಗೆ ಚೀಲಾ ಹಾಕ್ಕೊಂಡು ಹಳೇ ಊರಾಗ ಮನಿ ಮನಿ ತಿರಗಾಕ ಶುರು ಮಾಡ್ದೆ. ಮೊದಲನೇ ಪ್ರಶ್ನೆ, 'ನಿಮ್ಮ ಮಾಸಿಕ ಆದಾಯ ಎಷ್ಟು?' ಒಬ್ಬಾಕಿ ಮುದುಕಿ ಜ್ವಾಳ ಹಸನ ಮಾಡ್ಕೋತ ಕುಂತಿದ್ಲು, ಮಾರಿ ಎತ್ತಲಿಲ್ಲ, 'ಯವ್ವಾ, ನೀ ಪರಿಹಾರ ಕೊಡಾಕ ಬಂದಿಯೋ, ಕಸಗೊಳ್ಳಾಕ ಬಂದಿಯೋ ಅದನ್ನ ಮೊದ್ಲ ಹೇಳು, ಆಮ್ಯಾಲ ಆದಾಯ ಹೇಳ್ತೀನಿ' ಅಂದ್ಲು. ನಾ ನಕ್ಕೆ. ರಾತ್ರಿ ರೂಮಿಗೆ ಬಂದು ಅವತ್ತಿನತನಕ ತುಂಬಿದ್ದ ಫಾರ್ಮೆಲ್ಲ ಹರವಿ ನೋಡಿದ್ರ ಎದಿ ಧಸಕ್ಕಂತು. ನಾ ಪರಿಹಾರದ ಕಡಿಯಾಕಿ ಅನ್ಕೊಂಡವ್ರ ಮನಿಯಾಗ ಮಂದಿ ಹೆಚ್ಚು, ಆದಾಯ ಕಡಿಮಿ, ಮತ್ತ ಟ್ಯಾಕ್ಸ್ ವಸೂಲಿಗೆ ಬಂದಾಕಿ ಅನ್ಕೊಂಡವ್ರ ಮನಿಯಾಗ ಖೋಲಿ ಸೈತ ಕಡಿಮಿ! ನಲವತ್ತು ದಿನದ ಕೆಲಸ ಕಟ್ಟಿ ಅಟ್ಟಕ್ಕ ಒಗದೆ. ಗೈಡ್ ಬೈದ್ರು, ಬೈಲಿ.

ಮುಂದ ಎರಡು ತಿಂಗಳು ಫಾರ್ಮ್ ತಗೊಂಡು ಹೋಗ್ಲಿಲ್ಲ, ಬರೇ ಕುಂದ್ರಾಕ ಹೋದೆ. ಒಂದಿನ ಆ ಜ್ವಾಳದ ಮುದುಕಿ ಮನೀನ ಬಿಚ್ಚಾಕ ಹತ್ತಿದ್ರು. ಹಿರ್ಯಾ ಸಾಗವಾನಿ ಚೌಕಟ್ಟಿಗೆ ಯಾರನ್ನೂ ಕೈ ಹಚ್ಚಗೊಡಲಿಲ್ಲ, ತಾನ ಹಾರಿ ತಗೊಂಡು ಗ್ವಾಡಿ ಮೆಲ್ಲಕ ಕೆದರಿ ಅದನ್ನ ಹೊರಗ ತಗದ, ಮ್ಯಾಲಿನ ಪಟ್ಟಿಗೆ ಕುಂಕುಮ ಹಂಗ ಇತ್ತು. ಟ್ರ್ಯಾಕ್ಟರಿನ್ಯಾಗ ಗಾದಿ ಹಾಸಿ ಮಲಗಿಸಿದ್ರು ಚೌಕಟ್ಟನ್ನ, ಬಾಣಂತಿ ಮಲಗಿಸಿದಂಗ. ಹೊಸಾ ಸೈಟಿನ ಮನಿಗೆ ಅದು ಕೂಡ್ಲಿಲ್ಲ, ಅಗಲ ಜಾಸ್ತಿ. ಗೌಂಡಿ ಕೊಯ್ತೀನಿ ಅಂದ, ಹಿರ್ಯಾ ಒಲ್ಲೆ ಅಂದ, ಕಡೀಕ ಅದನ್ನ ಹಿತ್ತಲ ಗ್ವಾಡಿಗೆ ಆನಿಸಿ ನಿಲ್ಲಿಸಿದ್ರು, ನಾ ಥೀಸಿಸ್ ಮುಗಸೂತನಕ ಅಲ್ಲೇ ಇತ್ತು. ಹಳೇ ಓಣಿಯಾಗ ಇವ್ರಿಗೆ ಗ್ವಾಡಿಗೆ ಗ್ವಾಡಿ ಹಚ್ಚಿ ಇದ್ದ ಮನಿಯವ್ರು ಈಗ ಬ್ಯಾರೆ ಸೆಕ್ಟರ್. ಆ ಮುದುಕಿ ದಿನಾ ಸಂಜಿಕ ನಡಕೋತ ಅವ್ರ ಮನಿಗೆ ಹೋಗಿ ಬರ್ತಿದ್ಲು, ಮಳಿಗಾಲದಾಗ ಹೋಗ್ಲಿಲ್ಲ. ನನ್ನ 64 ಪ್ರಶ್ನೆಯಾಗ ಇದನ್ನ ಕೇಳೂದು ಒಂದೂ ಇರ್ಲಿಲ್ಲ ನೋಡು.

ಇಂಥಾ ದಿನ ವರ್ಷಕ್ಕ ನಾಕೈದು ಬರ್ತಾವ. ಉಳಿದ ದಿನ ಆಫೀಸಿನ ಬಾಕಿನ ಮ್ಯಾಲ ಕುಂತು 'ಸಾಹೇಬ್ರು ಮೀಟಿಂಗಿನ್ಯಾಗ ಅದಾರ' ಕೇಳೂದು, ಠರಾವ್ ಬುಕ್ಕಿನ ಧೂಳಿಗೆ ಸೀನೂದು, ಟೈಪ್ ಮಾಡೂದು, ತಿದ್ದೂದು, ತಿದ್ದಿದ್ದನ್ನ ಮತ್ತ ತಿದ್ದೂದು. ಬ್ಯಾಸರ ಇರ್ತೈತಿ, ಸುಳ್ಳು ಹೇಳೂದಿಲ್ಲ. ಅಮೆರಿಕಾದ ಎಲಿನಾರ್ ಆಸ್ಟ್ರಮ್ ಅಂತ ಒಬ್ಬಾಕಿ ಇದ್ಲು, 1965ರಾಗ ಕ್ಯಾಲಿಫೋರ್ನಿಯಾದ ಒಂದು ಭಾಗದ ಅಂತರ್ಜಲದ ಜಗಳದ ಮ್ಯಾಲ ಪಿಎಚ್‌ಡಿ ಮಾಡಿದ್ಲು, ಆಮ್ಯಾಲ ಇಂಡಿಯಾನಾಪೊಲಿಸ್ ಊರಿನ ಸುತ್ತಮುತ್ತ ಸಣ್ಣ ಪೊಲೀಸ್ ಠಾಣೆ ಛಲೋ ಕೆಲಸ ಮಾಡ್ತಾವೋ ದೊಡ್ಡವೋ ಅಂತ ಮನಿ ಮನಿ ಕೇಳ್ಕೋತ ಹೋದ್ಲು. ಎಲ್ಲಾ ಕೂಡಿಸಿ ಒಂದ ದೊಡ್ಡ ಇಲಾಖೆ ಮಾಡ್ರಿ ಅಂತ ಶಾಣ್ಯಾರು ಹೇಳೂ ಕಾಲ ಅದು, ಈಕಿ ಸಣ್ಣವೇನ ಕಮ್ಮಿ ಇಲ್ಲ ಅಂತ ಲೆಕ್ಕ ಇಟ್ಟು ತೋರಿಸಿದ್ಲು. 2009ರಾಗ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಾಗ ನೊಬೆಲ್ ತಗೊಂಡ ಮೊದಲನೇ ಹೆಣಮಗಳು, ಅದೂ ಓದಿದ್ದು ರಾಜ್ಯಶಾಸ್ತ್ರ. ಮಾವನ ಮಗಗ ಇದನ್ನ ಹೇಳ್ಬ್ಯಾಡ, ನೊಬೆಲ್ ಯಾವಾಗ ಅಂತ ಮತ್ತ ಕಾಡ್ತಾನ.

ಅವ್ವನ ಸಂಗ್ತಿ ಜಗಳಾಡಬ್ಯಾಡ. ಉಪನ್ಯಾಸಕ್ರ ಅರ್ಹತಾ ಪರೀಕ್ಷೆ ಐತಲ್ಲ, ನೆಟ್, ಅದು ಪಾಸಾಗಾಕ ಎರಡು ವರ್ಷ ಕೇಳು, ಆಗ್ಲಿಲ್ಲಂದ್ರ ಬಿಎಡ್ ಮಾಡ್ತೀನಿ ಅನ್ನು. ಬಿಎಡ್ ಮಾಡಿ, ಟಿಇಟಿ ಬರದು, ವರ್ಷಗಟ್ಲೆ ನೇಮಕಾತಿ ಕಾಯ್ಕೋತ ಕುಂತವ್ರೂ ನಂಗ ಗೊತ್ತದಾರ, ಅದನ್ನ ಅವ್ವಗ ನಾ ಹೇಳಿದೆ ಅಂತ ಮಾತ್ರ ಅನ್ನಬ್ಯಾಡ.

ಪ್ರಶ್ನೆ: ಮೇಡಂ, ವಿಜಯಪುರದಾಗ ಗೆಸ್ಟ್ ಲೆಕ್ಚರರ್ ಅದೀನಿ, ವಯಸ್ಸು 34. ನೆಟ್ ಆಗೇತಿ, ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಬಂದಿಲ್ಲ. 'ವಿಜಯಪುರ ನಗರದ ನೀರಿನ ಆಡಳಿತ' ಅಂತ ಟಾಪಿಕ್ ಇಟ್ಕೊಂಡು ಗೈಡ್ ಹತ್ರ ಹೋದ್ರ ಜಾಗ ಖಾಲಿ ಇಲ್ಲ ಅಂತಾರ. ಪಾಲಿಕೆಯಾಗ ಮಾಹಿತಿ ಕೊಡೂದಿಲ್ಲ. ಬಿಟ್ಟ ಬಿಡ್ಲೇನ್ರಿ?
– ಒಬ್ಬ ಉಪನ್ಯಾಸಕ

ಉತ್ತರ: ಬಿಡಬ್ಯಾಡ ತಮ್ಮಾ, ಸಣ್ಣದು ಮಾಡ್ಕೊ.

ಮೊದ್ಲ ಗೈಡ್ ವಿಷಯ. ಅವ್ರು ನೆವ ಹೇಳ್ತಾರಂತ ಅನ್ಕೋಬ್ಯಾಡ, 2022ರ ಯುಜಿಸಿ ನಿಯಮದಾಗ ಪ್ರೊಫೆಸರ್‌ಗೆ 8 ಮಂದಿ, ಅಸೋಸಿಯೇಟ್‌ಗೆ 6, ಅಸಿಸ್ಟಂಟ್‌ಗೆ 4, ಅದಕ್ಕಿಂತ ಹೆಚ್ಚು ತಗೊಳ್ಳಂಗಿಲ್ಲ, ಮತ್ತ ರಿಟೈರ್ ಆಗಾಕ 3 ವರ್ಷಕ್ಕಿಂತ ಕಡಿಮಿ ಇದ್ದವ್ರು ಹೊಸಬ್ರನ್ನ ತಗೊಳ್ಳಂಗಿಲ್ಲ. ಅದಕ್ಕ ದೊಡ್ಡ ಹೆಸರಿನವ್ರ ಬಾಗಲಾ ಕಾಯೂದು ಬಿಟ್ಟು ಈಗಷ್ಟ ಪಿಎಚ್‌ಡಿ ಮುಗಿಸಿ ಕೆಲಸಕ್ಕ ಸೇರಿದ ಹುಡುಗ ಪ್ರಾಧ್ಯಾಪಕ್ರನ್ನ ಹುಡುಕು, ನಿನ್ನ ಡ್ರಾಫ್ಟ್ ಓದಾಕ ಅವ್ರಿಗೆ ಪುರಸೊತ್ತು ಇರ್ತೈತಿ. ನನ್ನ ಗೈಡ್ ದೊಡ್ಡ ಮನುಷ್ಯಾ ಇದ್ರು. ಒಂದು ಅಧ್ಯಾಯ ಹನ್ನೊಂದು ತಿಂಗಳು ಅವ್ರ ಟೇಬಲ್ ಮ್ಯಾಲ ಇತ್ತು, ವಾಪಸ್ ಬಂದಾಗ ಅದರ ಮ್ಯಾಲ ಚಹಾ ಕಪ್ಪಿನ ಗುಂಡು ಕಲೆ ಬಿಟ್ರ ಒಂದ ಗೀಟೂ ಇರ್ಲಿಲ್ಲ.

ರೊಕ್ಕದ ಮಾತು. ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದಮ್ಯಾಲ 42,000. ವಯಸ್ಸಿನ ಮಿತಿ 30, ಒಬಿಸಿ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕಿ ಐತಿ, ನಿಂಗ ಅನ್ವಯ ಆಗ್ತಿದ್ರ ಕಡೀದೊಂದು ಸಲ ಬರಿ. ಸಮಾಜವಿಜ್ಞಾನ ಸಂಶೋಧನೆಗೆ ರೊಕ್ಕ ಕೊಡೋ ಐಸಿಎಸ್‌ಎಸ್‌ಆರ್‌ದ ಡಾಕ್ಟರಲ್ ಫೆಲೋಶಿಪ್ ನೋಡ್ಕೊ. ಇಲ್ಲಾಂದ್ರ ಪಾರ್ಟ್ ಟೈಮ್ ಮಾಡು. 2023ರ ಜುಲೈದಿಂದ ಅಸಿಸ್ಟಂಟ್ ಪ್ರೊಫೆಸರ್ ಆಗಾಕ ನೆಟ್ ಇಲ್ಲಾ ನಮ್ಮ ರಾಜ್ಯದ ಪರೀಕ್ಷೆ ಕೆ-ಸೆಟ್ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ. ಹಂಗಾಗಿ ನೌಕರಿ ಸಲುವಾಗಿ ಪಿಎಚ್‌ಡಿ ಮಾಡ್ಬೇಕಿಲ್ಲ, ವಿಷಯ ಬಿಟ್ಟು ಇರಾಕ ಆಗೂದಿಲ್ಲ ಅನ್ನೂದಿದ್ರ ಮಾಡು.

ಈಗ ಟಾಪಿಕ್. 'ನಗರದ ನೀರಿನ ಆಡಳಿತ' ಅಂದ್ರ ಗೋಳಗುಮ್ಮಟ ಹೊತ್ಕೊಂಡು ಹೋಗ್ತೀನಿ ಅಂದಂಗ. ನಿಮ್ಮೂರಾಗ ಆದಿಲ್‌ಶಾಹಿ ಮಂದಿ ತೊರವಿ ಕಡಿಂದ ನೆಲದಾಗ ಸುರಂಗ ತಗದು ಊರಿಗೆ ನೀರು ತಂದ್ರು, ನಡುವ ಗಂಜ್ ಅಂತ ನೀರಿನ ಗೋಪುರ ಕಟ್ಟಿದ್ರು, ತಾಜ್ ಬಾವಡಿಯಂಥಾವು ಎಷ್ಟೋ ಬಾವಡಿ ಅದಾವ. ಬಾವಡಿ ಒಳಗ ಕಸಾ ಬಿದ್ರ ಯಾರು ತಗೀಬೇಕು, ಪ್ರಾಚ್ಯವಸ್ತುದವ್ರೋ, ಪಾಲಿಕೆಯವ್ರೋ, ಜಿಲ್ಲಾಡಳಿತವೋ? ಅದ ಒಂದು ಥೀಸಿಸ್. ಇಲ್ಲಾ ಹಿಂಗ ಮಾಡು, ಮೂರು ವಾರ್ಡು, ಒಂದು ಬ್ಯಾಸಗಿ, ಮತ್ತ ಒಬ್ಬ ವಾಲ್‌ಮನ್. ನಗರಸಭೆ ಹೋಗಿ 2013ರಾಗ ಪಾಲಿಕೆ ಆತು, 35 ವಾರ್ಡಿಗೆ 2022ರ ಅಕ್ಟೋಬರಿನ್ಯಾಗ ಎಲೆಕ್ಷನ್ ಆತು, ಆದ್ರ ಯಾವ ಓಣಿಗೆ ನಸೀಕಲೆ ನೀರು ಬಿಡಬೇಕು, ಯಾವ ಓಣಿಗೆ ಮಧ್ಯಾಹ್ನ ಅನ್ನೋದು ವಾಲ್ ತಿರುವೋ ಆ ಮನುಷ್ಯಾನ ಕೈಯಾಗ ಐತಿ. ಅವನ ಫೋನಿಗೆ ಮುಂಜಾನೆ ಯಾರ್ಯಾರದು ಕಾಲ್ ಬರ್ತಾವ ಕೇಳು. ಕಾರ್ಪೊರೇಟರದು, ಹಾಲಿನವಂದು, ಲಗ್ನದ ಮನಿಯವ್ರದು. ಅವನ ಲೂನಾ ಹಿಂದ ಕುಂತು ಒಂದು ವಾರ ತಿರಗು, ಅವನ ಡಬ್ಬಿ ಬುತ್ತಿ ಹಂಚ್ಕೊಂಡು ತಿನ್ನು. ಕಮಿಷನರ್ ಕೊಡೂ ಪಿಪಿಟಿಗಿಂತ ಹೆಚ್ಚು ಗೊತ್ತಾಗ್ತೈತಿ.

ಮಾಹಿತಿ ಕೊಡೂದಿಲ್ಲ ಅಂದ್ಯಲ್ಲ, 2005ರ ಮಾಹಿತಿ ಹಕ್ಕು ಕಾಯ್ದೆ ಇರೂದು ಅದಕ್ಕ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಆದ್ರ ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದ ಮಿತಿ. ನಾ ಒಮ್ಮೆ ಎರಡು ಪುಟ ತುಂಬಾ ಪೀಠಿಕಿ ಹಾಕಿ ಬರದು ಕೊಟ್ಟಿದ್ದೆ, ಇದ್ದಂಗ ವಾಪಸ್ ಬಂತು. 'ಇಂಥಾ ತಾರೀಖಿನಿಂದ ಇಂಥಾ ತಾರೀಖಿನತನಕ ನೀರು ಸರಬರಾಜು ಬಗ್ಗೆ ಆದ ಠರಾವುಗಳ ನಕಲು ಕೊಡ್ರಿ', ಮುಗೀತು. ಯಾಕ ಕೇಳಾಕತ್ತೀನಿ ಅನ್ನೂದು ಬರೀಬ್ಯಾಡ, ಕಾಯ್ದೆ ಅದನ್ನ ಕೇಳೂದಿಲ್ಲ. ಆದ್ರ ಕ್ಲರ್ಕಿನ ಸಂಗ್ತಿ ಮಾತು ಬಿಡಬ್ಯಾಡ. ಅರ್ಜಿ ಕೊಟ್ರ ಕಾಗದ ಬರ್ತೈತಿ, ಆ ಕಾಗದದಾಗ ಏನ್ ಬರದಿಲ್ಲ ಅನ್ನೂದು ಕ್ಲರ್ಕಿಗೆ ಗೊತ್ತಿರ್ತೈತಿ.

ಇನ್ನೊಂದು, ರೊಕ್ಕ ತಗೊಂಡು ಮೂರು ದಿನದಾಗ ಲೇಖನ ಛಾಪಿಸೋ ಜರ್ನಲ್‌ದವ್ರು ವಾಟ್ಸಾಪ್ ಮಾಡ್ತಾರ. ಬ್ಲಾಕ್ ಮಾಡು.

ಪ್ರಶ್ನೆ: ನಮಸ್ಕಾರ. ಬೆಳಗಾವಿ ಖಡೇಬಜಾರದಾಗ ನಮ್ದು ಅಂಗಡಿ ಐತಿ. ಮಗಾ ಬಿಇ ಸಿವಿಲ್ ಮುಗಿಸಿ ಈಗ ಅರ್ಬನ್ ಪಾಲಿಸಿ ಓದ್ತೀನಿ ಅಂತ ಕುಂತಾನ. ನಮ್ಮ ಪಾಲಿಕೆಯಾಗ 58 ಮಂದಿ ಮೆಂಬರ್ ಅದಾರ, ಅವ್ರು ಜಗಳಾ ಬಿಟ್ರ ಏನ್ ಮಾಡ್ಯಾರಂತ ಇವ ಅದನ್ನ ಓದಬೇಕು? ಹೊಟ್ಟಿಗೆ ಏನ್ ಮಾಡ್ತಾನ?
– ಒಬ್ಬ ತಂದೆ

ಉತ್ತರ: ಅಣ್ಣಾರ, ಸಿಟ್ಟಿನ್ಯಾಗ ನೀವ ಒಂದು ಛಲೋ ಸಂಶೋಧನಾ ಪ್ರಶ್ನೆ ಕೇಳೀರಿ. ಆ 58 ಮಂದಿ 2021ರ ಸೆಪ್ಟೆಂಬರಿನ್ಯಾಗ ಆರಿಸಿ ಬಂದ್ರು, ಮೇಯರ್ ಆಯ್ಕಿ ಆಗಿದ್ದು 2023ರ ಫೆಬ್ರವರಿಯಾಗ. ನಡುವಿನ ಸುಮಾರು ಒಂದೂವರೆ ವರ್ಷ ಗೆದ್ದವ್ರು ಇದ್ರು, ಸಭೆ ಇರ್ಲಿಲ್ಲ. ಆದ್ರೂ ಕಸಾ ಎತ್ತಿದ್ರು, ಬಿಲ್ ಪಾಸಾದವು, ರಾಕಸಕೊಪ್ಪದ ನೀರು, ಹಿಡಕಲ್ ನೀರು ಬಂತು. ಹಂಗಾದ್ರ ಊರು ನಡಸಾವ್ರು ಯಾರು? ಇದ್ರಾಗ ಇನ್ನೊಂದು ಗಂಟು ಐತಿ, 2016ರ ಜನವರಿಯಾಗ ಮೊದಲನೇ 20 ಸ್ಮಾರ್ಟ್ ಸಿಟಿ ಪಟ್ಟಿಯಾಗ ಬೆಳಗಾವಿ ಬಂತಲ್ಲ, ಅದಕ್ಕ ಬ್ಯಾರೇನ ಕಂಪನಿ ಮಾಡಿದ್ರು, ರಸ್ತೆ ಅಗದವ್ರು ಕಂಪನಿಯವ್ರು, ಬೈಸಿಕೊಂಡವ್ರು ಕಾರ್ಪೊರೇಟರು. ನಿಮ್ಮ ಅಂಗಡಿ ಮುಂದ ಅಗದಾಗ ನೀವು ಯಾರಿಗೆ ಫೋನ್ ಮಾಡಿದ್ರಿ ನೆನಪೈತೇನ್ರಿ?

ಮಗನ ಬಗ್ಗೆ ಹೇಳ್ಬೇಕಂದ್ರ ಸಿವಿಲ್ ಓದಿದ್ದು ದಂಡ ಆಗೂದಿಲ್ಲ. ಎಸ್ಟಿಮೇಟು, ಕೆಲಸದ ಅಳತಿ ಬರಿಯೋ ಎಂ ಬುಕ್ಕು ಓದಾಕ ಬರೂ ಸಂಶೋಧಕ್ರು ಭಾಳ ಕಡಿಮಿ, ನಾನ ಒಬ್ಬ ಇಂಜಿನಿಯರ್ ಕೈಕಾಲು ಹಿಡದು ಕಲ್ತೀನಿ. ಇನ್ನೊಂದು ಆಸ್ತಿ ಅವನ ಹತ್ರ ಐತಿ, ನಿಮ್ಮ ಗಮನಕ್ಕ ಬಂದಿರಲಿಕ್ಕಿಲ್ಲ. ಖಡೇಬಜಾರದ ಅಂಗಡಿಯಾಗ ಬೆಳದ ಹುಡುಗ ಕನ್ನಡ, ಮರಾಠಿ, ಉರ್ದು ಮೂರರಾಗೂ ಗಿರಾಕಿ ಸಂಬಾಳಸ್ತಾನ. ಬೆಳಗಾವಿ ಬಗ್ಗೆ ಬರದವ್ರು ಭಾಳ ಮಂದಿ ಒಂದ ಭಾಷಾದಾಗ ಕೇಳಿ, ಇನ್ನೊಂದು ಗಲ್ಲಿಯವ್ರು ಏನಂತಾರ ಅನ್ನೂದು ಬಿಟ್ಟಾರ. ಗಡಿ ಜಗಳದ ಮ್ಯಾಲ ಎಷ್ಟೋ ಬರದಾರ, ಆ ಜಗಳದ ನಡುವ ಗಟಾರ ಹೆಂಗ ಹಂಚಿಕಿ ಆಗ್ತೈತಿ ಅನ್ನೂದನ್ನ ಬರದದ್ದು ಕಡಿಮಿ.

ಓದಾಕ ಮುಂಬೈ ಟಾಟಾ ಇನ್‌ಸ್ಟಿಟ್ಯೂಟಿನ್ಯಾಗ ಅರ್ಬನ್ ಪಾಲಿಸಿ ಮತ್ತು ಗವರ್ನನ್ಸ್ ಅಂತ ಎಂಎ ಐತಿ. ಬೆಂಗಳೂರಾಗ 1972ರಾಗ ವಿ.ಕೆ.ಆರ್.ವಿ. ರಾವ್ ಅವ್ರು ಕಟ್ಟಿದ ಸಮಾಜವಿಜ್ಞಾನದ ಸಂಸ್ಥೆ ಐಸೆಕ್, ಆಮ್ಯಾಲ ನಗರಗಳ ಓದಿನ ಐಐಎಚ್‌ಎಸ್, ಧಾರವಾಡದಾಗ ಅಭಿವೃದ್ಧಿ ಸಂಶೋಧನೆದ ಸಿಎಂಡಿಆರ್, ಮೈಸೂರಾಗ ರಾಜ್ಯ ನಗರಾಭಿವೃದ್ಧಿ ಸಂಸ್ಥೆ, ಇಂಥಾ ಕಡಿ ಸಂಶೋಧನೆ, ತರಬೇತಿ ಕೆಲಸ ಇರ್ತೈತಿ. ಖರೆ ಹೇಳ್ಬೇಕಂದ್ರ ಮೊದಲಿನ ಐದಾರು ವರ್ಷ ಪ್ರಾಜೆಕ್ಟ್ ಮ್ಯಾಲ ಪ್ರಾಜೆಕ್ಟ್, ಹನ್ನೊಂದು ತಿಂಗಳ ಕರಾರು, ಪ್ರಾಜೆಕ್ಟ್ ಮುಗಿದ್ರ ಮನಿಗೆ. ಅಂಗಡಿ ಮಾರಿ ಓದಿಸಬ್ಯಾಡ್ರಿ, ಅಂಗಡಿ ಇಟ್ಕೊಂಡು ಓದಸ್ರಿ. ಲಗ್ನದ ಮಾತುಕತಿಯಾಗ 'ಹುಡುಗ ಏನ್ ಮಾಡ್ತಾನ' ಅಂದ್ರ ಹೇಳೂದು ತ್ರಾಸು ಆಗ್ತೈತಿ, ಅದಕ್ಕ ನನ್ನ ಹತ್ರ ಔಷಧ ಇಲ್ಲ.

ಡಿಗ್ರಿ ಬದಲಿಸಿದ್ರ ಜೀವನ ಹಾಳಾತು ಅನ್ಕೋಬ್ಯಾಡ್ರಿ. ಸಾಮಾಜಿಕ ನೀತಿ ಅನ್ನೋ ವಿಷಯಕ್ಕ ಇಂಗ್ಲಂಡಿನ್ಯಾಗ ಬುನಾದಿ ಹಾಕಿದವ್ರಾಗ ಒಬ್ಬ ರಿಚರ್ಡ್ ಟಿಟ್ಮಸ್, ವಿಮಾ ಕಂಪನಿಯಾಗ ಕಾರಕೂನ, ಒಂದೂ ಡಿಗ್ರಿ ಇರ್ಲಿಲ್ಲ, 1950ರಾಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ್ಯಾಗ ಪ್ರೊಫೆಸರ್ ಆದ. ಈಗ ಹಂಗ ಆಗೂದಿಲ್ಲ ಅನ್ನೂದು ಬ್ಯಾರೆ ಮಾತು.

ಪ್ರಶ್ನೆ: ನಿಮ್ಮ ರಿಸರ್ಚಿನಿಂದ ಯಾರಿಗಾದ್ರೂ ಉಪಯೋಗ ಆಗೇತೇನ್ರಿ? ಸಿಟ್ಟಾಗಬ್ಯಾಡ್ರಿ.
– ಜಮಖಂಡಿ ಓದುಗ

ಉತ್ತರ: ಸಿಟ್ಟ್ಯಾಕ. ಮಂದಿ ಮಾಡಿದ ಛಲೋ ಕೆಲಸ ಒಂದು ಹೇಳ್ತೀನಿ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಈ ಊರಿನ ಕೆಲವು ವಾರ್ಡಿಗೆ ವಿಶ್ವಬ್ಯಾಂಕ್ ಸಾಲದಾಗ 24 ತಾಸು ನೀರು ಕೊಟ್ರಲ್ಲ, ಹುಬ್ಬಳ್ಳಿ-ಧಾರವಾಡದಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವ್ರು 24 ತಾಸಿನ ಓಣಿ, ಪಾಳಿ ನೀರಿನ ಓಣಿ ಎರಡನ್ನೂ ಇಟ್ಟು ಹೋಲಿಸಿ ನೋಡಿದ್ರು. 2015ರಾಗ ಛಾಪಿಸಿದ್ರು. ಸಣ್ಣ ಹುಡುಗ್ರ ಭೇದಿ ಒಟ್ಟಾರೆ ಕಡಿಮಿ ಆಗಿರ್ಲಿಲ್ಲ, ಆದ್ರ ಬಡವ್ರ ಮನಿಯಾಗ ರಕ್ತಭೇದಿ ಕಡಿಮಿ ಇತ್ತು. ಯೋಜನಾ ಬೇಕು ಅನ್ನವ್ರಿಗೂ ಬ್ಯಾಡ ಅನ್ನವ್ರಿಗೂ ಪೂರಾ ಸಮಾಧಾನ ಕೊಡದಂಥ ಉತ್ತರ. ಅಂಥಾದ್ದು ಬಂದ್ರ ಕೆಲಸ ನೆಟ್ಟಗ ಆಗೇತಿ ಅಂತ ನಾ ತಿಳ್ಕೊತೀನಿ.

ನನ್ನದು? ಲೈಬ್ರರಿಯಾಗ ನನ್ನ ಥೀಸಿಸ್ಸಿನ ಹಿಂದಿನ ಚೀಟಿ ನೋಡಿದ್ದೆ, ಎರಡು ಸಲ ಹೊರಗ ಹೋಗೇತಿ, ಅದ್ರಾಗ ಒಂದು ಸಲ ಒಯ್ದಾಕಿ ನಾನ. ಆದ್ರ ಹೋದ ವರ್ಷ ಒಬ್ಬ ಹುಡುಗ ವಿಳಾಸ ಹುಡುಕ್ಕೋತ ವಿದ್ಯಾಗಿರಿಗೆ ಮನಿಗೆ ಬಂದ. ಮುಳುಗಡಿ ಸಂತ್ರಸ್ತರ ಸರ್ಟಿಫಿಕೇಟಿಗೆ ಓಡ್ಯಾಡಾಕತ್ತಿದ್ದ, ಅಜ್ಜನ ಕಾಗದಪತ್ರ ಒಂದೂ ಇಲ್ಲ, ಹಳೇ ಮನಿ ಸಿಟಿಎಸ್ ನಂಬರೂ, ಅಂದ್ರ ಸಿಟಿ ಸರ್ವೆ ನಂಬರೂ, ಗೊತ್ತಿಲ್ಲ, ನಂಬರ್ ಇದ್ರ ಉತಾರ ತಗಸಬಹುದು ಅಂತ ಆಫೀಸಿನ್ಯಾಗ ಹೇಳ್ಯಾರ. ಥೀಸಿಸ್ಸಿನ್ಯಾಗ ನಾ ಯಾರ ಹೆಸರೂ ಹಾಕಿಲ್ಲ, ಮನಿ ಅ, ಮನಿ ಆ ಅಂತ ಬರದೀನಿ, ಹಂಗ ಮಾಡ್ಬೇಕು ಅನ್ನೂದು ನಿಯಮ. ಅಟ್ಟ ಏರಿ ಹಳೇ ನೋಟ್‌ಬುಕ್ಕು ತಗದೆ, ಅರ್ಧ ಗೆದ್ದಲ ತಿಂದಿತ್ತು. 'ನಿಮ್ಮ ಅಜ್ಜಾರ ಮನಿ ಗುರುತು ಏನಾರ ಐತೇನಪಾ' ಅಂದೆ.

'ಏನಿಲ್ರೀ, ಹಿತ್ತಲದಾಗ ಒಂದು ಸಾಗವಾನಿ ಚೌಕಟ್ಟು ಐತ್ರಿ, ಕೊಟ್ಟಿಗಿ ಬಾಗಲಕ್ಕ ಕೂಡಿಸೀವಿ' ಅಂದ.

ಮನಿ ಉ. ಪುಟ 31. ನಂಬರ್ ಇತ್ತು, ಗೆದ್ದಲ ಅಂಚಿನತನಕ ಬಂದು ನಿಂತಿತ್ತು. ಚೀಟಿ ಮ್ಯಾಲ ಬರಕೊಂಡು ಹೋದ.